ಒಂದು ಕೋಟು, ಅರವತ್ತು ಬಂದೂಕು

ಅಖಂಡ ಶಾಂತಿಯ ಮರುಸ್ಥಾಪಕರೂ, ಇಲ್ಲದ ವಸ್ತುಗಳ ಅವಿಶ್ರಾಂತ ಶೋಧಕರೂ, ಮೂರು ಫ್ಯಾನುಗಳ ಕೆಳಗೆ ಒಬ್ಬರೇ ಕುಳಿತು ಇಡೀ ಊರಿನ ಸೆಕೆಯನ್ನು ಸಹಿಸುತ್ತಿರುವವರೂ ಆದ ಆಯುಧ ವಸೂಲಿ ಕಚೇರಿಯ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಚಿಕ್ಕಮ್ಮನನ್ನು ಬಿಟ್ಟುಬಿಡಿ. ವಿಷಯ ಇಷ್ಟೇ. ಆದರೆ ಇಷ್ಟನ್ನೇ ಬರೆದರೆ ಅದು ಅರ್ಜಿ ಎನಿಸಿಕೊಳ್ಳುವುದಿಲ್ಲವೆಂದು ತಮ್ಮ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂರುವ ಜವಾನರು ತಿಳಿಸಿದ್ದರಿಂದ, ವಿವರಗಳನ್ನು ಪತ್ರಿಕೆಯ ಮೂಲಕ ಸಾದರಪಡಿಸುತ್ತಿದ್ದೇನೆ. ಓದುಗರೂ ಓದಲಿ, ಅವರಿಗೂ ಸೆಕೆಯೇ.

ನನ್ನ ಚಿಕ್ಕಮ್ಮ ಬಸ್ ನಿಲ್ದಾಣದೆದುರು ಫೋಟೋ ಸ್ಟುಡಿಯೋ ನಡೆಸುವವಳು. ಊರನ್ನಾಳುತ್ತಿದ್ದ ಪರಿಶುದ್ಧ ಪಡೆ ನೆಲಕಚ್ಚಿದ ಮೇಲೆ ತಾವು ಆ ಸ್ಟುಡಿಯೋಗೆ ದಾಳಿಯಿಟ್ಟು ಅರವತ್ತು ಫೋಟೋಗಳನ್ನೂ ಒಂದು ಬಂದೂಕನ್ನೂ ವಶಪಡಿಸಿಕೊಂಡಿರಿ. ಪ್ರತಿ ಫೋಟೋದಲ್ಲೂ ಒಬ್ಬ ಗಂಡಸು, ಅವನ ಕೈಯಲ್ಲೊಂದು ಬಂದೂಕು. ತಾವು ಅರವತ್ತರಲ್ಲಿ ಒಂದನ್ನು ಕಳೆದಿರಿ. ಲೆಕ್ಕ ಸರಿಯಾಗಿದೆ, ಅದರಲ್ಲಿ ನನಗೆ ತಕರಾರಿಲ್ಲ. ಉಳಿದ ಐವತ್ತೊಂಬತ್ತನ್ನು ಒಪ್ಪಿಸುವವರೆಗೆ ಚಿಕ್ಕಮ್ಮ ಒಳಗೇ ಇರಬೇಕು, ಸೋಮವಾರದೊಳಗೆ ಒಪ್ಪಿಸದಿದ್ದರೆ ರಾಜಧಾನಿಯ ದೊಡ್ಡ ಜೈಲಿಗೆ ಹೋಗಬೇಕು ಎಂದು ಅಪ್ಪಣೆ ಕೊಡಿಸಿದ್ದೀರಿ. ಆ ಜೈಲಿಗೆ ಹೋದವರು ಯಾವಾಗ ಬರುತ್ತಾರೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಏಕೆಂದರೆ ಯಾರೂ ಇನ್ನೂ ಬಂದಿಲ್ಲ.

ಸ್ಟುಡಿಯೋ ಎಂಬಲ್ಲಿ ಒಂದು ಕೋಟು ಇರುತ್ತದೆ ಎಂಬುದು ತಮಗೆ ತಿಳಿಯದ್ದಲ್ಲ. ಪರದೆಯ ಹಿಂದೆ, ಹಲ್ಲು ಮುರಿದ ಬಾಚಣಿಗೆಯ ಪಕ್ಕದ ಮೊಳೆಗೆ ತೂಗುಹಾಕಿರುತ್ತಾರೆ. ನಮ್ಮ ಊರಿನ ಗಂಡಸರೆಲ್ಲ ಆ ಒಂದೇ ಕೋಟಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ, ಮದುವೆಗೆ ಒಪ್ಪಿಗೆಯಾಗಿದ್ದಾರೆ, ಸತ್ತ ಮೇಲೆ ಗೋಡೆಯಿಂದ ಮಕ್ಕಳನ್ನು ಗದರಿಸಿದ್ದಾರೆ. ಇಷ್ಟು ಜನರ ಇಷ್ಟು ಕೋಟುಗಳು ಎಲ್ಲಿ ಹೋದವು ಎಂದು ಯಾವ ಇಲಾಖೆಯಾದರೂ ಕೇಳಿದ್ದುಂಟೆ? ತಮ್ಮ ಮೊದಲ ಅರ್ಜಿಗೆ ಅಂಟಿಸಿದ ಫೋಟೋದಲ್ಲಿ ತಾವು ಧರಿಸಿದ್ದ ಕೋಟು ಈಗ ಯಾರ ಮೈಮೇಲಿದೆ? ಸುಮ್ಮನೆ ಕೇಳಿದೆ.

ಪರಿಶುದ್ಧ ಪಡೆ ಶುರುವಾದಾಗ ಏಳು ಜನರಿದ್ದರು. ಚಹಾದಂಗಡಿಯ ಬೆಂಚಿನಲ್ಲಿ ಕೂತು ಉಳಿದವರ ಭಕ್ತಿಯಲ್ಲಿ ತಪ್ಪು ಹುಡುಕುವುದು ಅವರ ಉದ್ಯೋಗ. ಅವರ ಮುಖಂಡನನ್ನು ನಾವು ಉಪದೇಶಿ ಎಂದು ಕರೆಯುತ್ತಿದ್ದೆವು. ಒಮ್ಮೆ ಅವನು ನಮ್ಮ ಮನೆಯ ಜಗಲಿಗೇ ಬಂದು, ಅಜ್ಜಿಯ ಪ್ರಾರ್ಥನೆ ತೀರಾ ಚಿಕ್ಕದಾಯಿತೆಂದು ಆಕ್ಷೇಪಣೆ ಸಲ್ಲಿಸಿದ.

"ನನ್ ದೇವ್ರಿಗೆ ಕಿವಿ ಚೆನ್ನಾಗಿ ಕೇಳ್ಸುತ್ತೆ ಕಣಪ್ಪ," ಅಂದಳು ಅಜ್ಜಿ. "ಒಂದ್ಸಲ ಹೇಳಿದ್ರೆ ಸಾಕು. ನಿಂದೇನು, ಕಿವುಡಾ?"

ಅಲ್ಲಿಗೇ ಆ ಪಡೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಂದು ಮಧ್ಯಾಹ್ನ ಉಪದೇಶಿ ಒಂದು ಬಂದೂಕು ಹಿಡಿದು ಸ್ಟುಡಿಯೋ ಮೆಟ್ಟಿಲು ಹತ್ತಿದ. ಮುಚ್ಚಿಹೋದ ನಾಟಕ ಕಂಪನಿಯೊಂದರ ಪೆಟ್ಟಿಗೆಯಿಂದ ಎತ್ತಿಕೊಂಡು ಬಂದದ್ದು. ಮರದ್ದು, ಕಪ್ಪು ಬಣ್ಣ ಹೊಡೆದದ್ದು, ಹಿಡಿಯ ಹತ್ತಿರ ಸೀಳಿದ್ದಕ್ಕೆ ತಂತಿ ಸುತ್ತಿದ್ದು. ಸೊಂಟದಲ್ಲಿ ಮಾತ್ರ ಒಂದು ನಿಜವಾದ ಪಿಸ್ತೂಲಿತ್ತು. ಆಗ ನಾನು ಒಳಗೆ ಫೋಟೋಗಳ ಅಂಚು ಕತ್ತರಿಸುತ್ತಿದ್ದೆ, ಎಲ್ಲವೂ ಕೇಳಿಸುತ್ತಿತ್ತು.

"ಅಕ್ಕಾ, ನಮ್ ಹುಡುಗರದ್ದೆಲ್ಲ ಒಂದೊಂದು ಫೋಟೋ ಬೇಕು. ಬಂದೂಕು ಇದೊಂದೇ ಇರೋದು. ಸರದಿ ಮೇಲೆ ಹಿಡ್ಕೊಳ್ತಾರೆ."

"ಫೋಟೋ ತೆಗೆಸ್ಕೊಳ್ಳೋದು ಪಾಪ ಅಂತಿದ್ಯಲ್ಲಪ್ಪ?"

"ಪಾಪಾನೇ. ಯುದ್ಧಕಾಲದಲ್ಲಿ ರಿಯಾಯ್ತಿ ಇದೆ."

"ಯುದ್ಧ ಯಾವಾಗಿಂದ?"

"ಫೋಟೋ ಬಂದ್ಮೇಲೆ."

ಚಿಕ್ಕಮ್ಮ ಪಿಸ್ತೂಲು ನೋಡಿದಳು, ಕ್ಯಾಮೆರಾ ತೆಗೆದಳು. ತಾವಾಗಿದ್ದರೆ ಆ ಜಾಗದಲ್ಲಿ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳುವುದಿಲ್ಲ. ತಮ್ಮ ಕಚೇರಿ ಆ ಕಾಲದಲ್ಲಿ ಏನು ಮಾಡಿತೆಂಬುದು ಮುಂದೆ ಬರುತ್ತದೆ.

ಏಳು ಜನರದು ಮುಗಿಯುವಷ್ಟರಲ್ಲಿ ಬಿಟ್ಟಿ ಫೋಟೋ ಎಂಬ ಸುದ್ದಿ ಬೀದಿಗೆ ಹಬ್ಬಿತ್ತು. ಮೂಟೆ ಹೊರುವವರು ಬಂದರು, ಟಿಕೆಟ್ ಕೊಡುವವನು ಬಂದ, ಪರೀಕ್ಷೆಯಲ್ಲಿ ಫೇಲಾದವರು ದಂಡುಕಟ್ಟಿಕೊಂಡು ಬಂದರು. "ಅಕ್ಕಾ, ಕೋಟು ಹಾಕ್ಕೊಳ್ಲಾ?" ಎಂದು ಎಲ್ಲರದೂ ಒಂದೇ ಪ್ರಶ್ನೆ. "ಹಾಕ್ಕೋ. ಎರಡ್ನೇ ಗುಂಡಿ ಕಿತ್ತೋಗಿದೆ, ಬಂದೂಕನ್ನ ಅದರ ಮೇಲೆ ಓರೆಯಾಗಿ ಹಿಡ್ಕೋ," ಎಂದು ಚಿಕ್ಕಮ್ಮನದೂ ಒಂದೇ ಉತ್ತರ. ತಮ್ಮ ವರದಿಯಲ್ಲಿ, ಅರವತ್ತು ಜನರೂ ಬಂದೂಕನ್ನು ಒಂದೇ ಓರೆಯಲ್ಲಿ ಹಿಡಿದಿರುವುದು ವಿದೇಶಿ ಸೈನಿಕ ತರಬೇತಿಯ ಸ್ಪಷ್ಟ ಕುರುಹು ಎಂದು ಬರೆದಿದ್ದೀರಿ. ಅದು ಕಿತ್ತುಹೋದ ಗುಂಡಿಯ ಕುರುಹು, ಮಾನ್ಯರೇ.

ಮರುದಿನ ಪಡೆಯವರು ಆ ಫೋಟೋಗಳನ್ನು ದೊಡ್ಡದಾಗಿ ಅಚ್ಚುಹಾಕಿಸಿ ಊರ ಗೋಡೆಗಳಿಗೆಲ್ಲ ಅಂಟಿಸಿದರು. ಊರು ಬಂದೂಕು ಎಣಿಸಿತು. ತಮ್ಮ ಕಚೇರಿಯಲ್ಲಿ ಆಗಿದ್ದವರೂ ಎಣಿಸಿದರು. ಎಣಿಸಿ, ಊಟದ ಹೊತ್ತಿಗೆ ಜೀಪು ಹತ್ತಿ ಹೊರಟುಹೋದರು. ಹೊರಡುವ ಗಡಿಬಿಡಿಯಲ್ಲಿ ಆಯುಧದ ಕೋಣೆಗೆ ಬೀಗ ಹಾಕುವುದು ಮರೆತುಹೋಯಿತು. ಪಡೆಗೆ ನಿಜವಾದ ಬಂದೂಕುಗಳು ಸಿಕ್ಕಿದ್ದು ಆ ಸಂಜೆ. ಮರದ್ದು ಸ್ಟುಡಿಯೋದ ಮೂಲೆಯಲ್ಲೇ ಉಳಿಯಿತು. ಬಿಟ್ಟಿ ಫೋಟೋಗೆಂದು ನಿಂತಿದ್ದವರಿಗೆ, ಗೋಡೆಯ ಮೇಲೆ ಮುಖ ಬಂದ ಮೇಲೆ, ಮನೆಗೆ ಹಿಂದಿರುಗುವ ದಾರಿ ಉಳಿಯಲಿಲ್ಲ. ಅವರೂ ಪಡೆಯವರಾದರು. ಯಾರ ಮನೆಗೆ ಯಾವ ಕಾಗದ ಬಂದಿದೆ ಎಂದು ಉಪದೇಶಿಗೆ ಹೇಳಲು ಒಪ್ಪದ ನಮ್ಮ ಅಂಚೆಯಣ್ಣನನ್ನು ಚೌಕದಲ್ಲಿ ನಿಲ್ಲಿಸಿ ಕೊಂದದ್ದು ತಮ್ಮ ಕಚೇರಿಯ ಬಂದೂಕಿನಿಂದ. ಮರದ್ದರಿಂದಲ್ಲ. ಆ ಬಂದೂಕುಗಳನ್ನೆಲ್ಲ ತಾವು ಈಗ ಮರಳಿ ಪಡೆದು, ಎಣ್ಣೆ ಸವರಿ, ಒಳಗಿಟ್ಟಿದ್ದೀರಿ. ಅವು ತಮ್ಮವೇ ಆದ್ದರಿಂದ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆಮೇಲೆ ಆಳ್ವಿಕೆ. ಮೊದಲು ಸಿಳ್ಳೆ ನಿಷೇಧವಾಯಿತು, ಆಮೇಲೆ ಕ್ಷೌರದಂಗಡಿಯ ಕನ್ನಡಿ, ಕೊನೆಗೆ ಚಿತ್ರಗಳು. ಸ್ಟುಡಿಯೋಗೆ ಬಾಗಿಲು ಹಾಕಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತಿಗೂ ಅವರೇ ಇರುತ್ತಿದ್ದರೇನೋ. ಆದರೆ ಪಡೆಗೆ ಹೊಸದಾಗಿ ಸೇರಿದ, ಇನ್ನೂ ಹೆಚ್ಚು ಪರಿಶುದ್ಧರಾದ ಕೆಲವರಿಗೆ ಒಂದು ಸಂಶಯ ಬಂತು: ಚಿತ್ರ ಪಾಪವಾದರೆ, ಗೋಡೆಗಳ ಮೇಲಿರುವವರು ಯಾರು? ಎಲ್ಲಕ್ಕಿಂತ ದೊಡ್ಡ ಚಿತ್ರ ಉಪದೇಶಿಯದೇ. ಹಳಬರೆಲ್ಲ ಏಣಿ ಹತ್ತಿ ತಮ್ಮ ತಮ್ಮ ಮುಖಗಳನ್ನು ತಾವೇ ಕೆರೆಯುವುದನ್ನು ನಾವು ಕಿಟಕಿಯ ಸಂದಿಯಿಂದ ನೋಡಿದೆವು. ಫೋಟೋ ತೆಗೆಸಿಕೊಂಡವರೂ ತೆಗೆಸಿಕೊಳ್ಳದವರೂ ಒಂದು ವಾರ ಪರಸ್ಪರ ಗುಂಡು ಹಾರಿಸಿದರು. ಉಳಿದವರು ಓಡಿಹೋದ ಮೇಲೆ ಸೇನೆ ನಡೆದುಕೊಂಡು ಒಳಗೆ ಬಂತು. ಭೀಕರ ಕಾಳಗ ಎಂದು ಇದೇ ಪತ್ರಿಕೆಯಲ್ಲಿ ಓದಿದೆವು. ಒಬ್ಬ ಸೈನಿಕನ ಕಾಲು ಚರಂಡಿಯಲ್ಲಿ ಉಳುಕಿದ್ದು ನಿಜ.

ಇದನ್ನೆಲ್ಲ ಕಳೆದ ವಾರ ತಮ್ಮೆದುರು ನಿಂತು ಹೇಳಿದೆ. "ಒಂದೇ ಬಂದೂಕು ಇದ್ದಿದ್ರೆ ಅವತ್ತು ನಮ್ಮವರು ಯಾಕಮ್ಮ ಓಡ್ತಿದ್ರು?" ಎಂದು ತಾವು ಕೇಳಿದಿರಿ. ಮರದ್ದು ಸಾರ್ ಅಂದೆ. "ಅದನ್ನ ಪ್ರಯೋಗಾಲಯ ಹೇಳ್ಬೇಕು. ಮೇಲಿನವರಿಗೆ ಲೆಕ್ಕ ಕೂಡ್ಬೇಕು ಅಷ್ಟೆ," ಅಂದಿರಿ. ಆಗ ನನಗೆ ಅರ್ಥವಾಯಿತು. ಅರವತ್ತು ಬಂದೂಕಿಗೆ ಹೆದರಿ ಓಡಿದರೆ ಅದು ಯುದ್ಧತಂತ್ರ. ನಾಟಕದ ಒಂದು ಬಂದೂಕಿಗೆ ಓಡಿದರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರು ತಮ್ಮ ಕಚೇರಿಗೆ ಬಾರದಿರಲೆಂದು ನನ್ನ ಚಿಕ್ಕಮ್ಮ ಸರಳುಗಳ ಹಿಂದಿದ್ದಾಳೆ.

"ಏನೇ ತರಲೆ, ಅಜ್ಜಿಗೆ ಏನ್ ಹೇಳಿದೀಯ?" ಎಂದಳು ಚಿಕ್ಕಮ್ಮ, ನಿನ್ನೆ ನಾನು ನೋಡಲು ಹೋದಾಗ. ಅವಳ ಕಾಲು ಬಾತಿತ್ತು, ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ.

"ಮದುವೆ ಫೋಟೋ ತೆಗೆಯೋಕೆ ಹೋಗಿದಾಳೆ ಅಂದಿದೀನಿ."

"ಇಷ್ಟು ದಿನ ಯಾವ ಮದುವೆನೇ?"

"ದೊಡ್ಡವರ ಮನೆದು ಅಂದೆ."

"ಸೋಮವಾರ ಆದ್ಮೇಲೆ ಏನ್ ಹೇಳ್ತೀಯ?"

ಅಲ್ಲಿಂದ ನೇರ ಸ್ಟುಡಿಯೋ ಮೆಟ್ಟಿಲಿಗೆ ಬಂದು ಈ ಅರ್ಜಿ ಬರೆಯಲು ಕೂತೆ.

ಆದ್ದರಿಂದ ನನ್ನ ಹಕ್ಕೊತ್ತಾಯ: ಆ ಅರವತ್ತು ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಬಂದೂಕಿನ ಹಿಡಿಗೆ ಸುತ್ತಿದ ತಂತಿಯನ್ನು ಒಂದೊಂದರಲ್ಲೂ ನೋಡಿ. ಅಷ್ಟಕ್ಕೂ ನಂಬಿಕೆ ಬಾರದಿದ್ದರೆ ತಾವೇ ಆ ಕೋಟು ಧರಿಸಿ, ಆ ಬಂದೂಕು ಹಿಡಿದು ನಿಲ್ಲಿ, ನಾನು ಫೋಟೋ ತೆಗೆಯುತ್ತೇನೆ. ಬಂದೂಕುಗಳು ಅರವತ್ತೊಂದಾಗುತ್ತವೆಯೋ ನೋಡೋಣ. ಆಗದಿದ್ದರೆ ಸೋಮವಾರ ಬೆಳಿಗ್ಗೆ ನನ್ನ ಚಿಕ್ಕಮ್ಮನನ್ನು ಮನೆಗೆ ಕಳಿಸಿ. ಸತ್ಯದ ವಿಷಯದಲ್ಲಿ ನಾವು ಒಂದಿಂಚೂ ಬಗ್ಗುವವರಲ್ಲ.

ಇಂತಿ,
ಬಾಗಿಲು ಹಾಕಿದ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿರುವ,
ತಮ್ಮ ಆರೋಪಿಯ ಅಕ್ಕನ ಮಗಳು

ಮತ್ತೊಂದು ಮಾತು: ನಮ್ಮ ಬೀದಿಯ ಬಡಗಿ ಮಾವನಿಗೆ ಮನೆಯ ಹಳೆಯ ಮಂಚ, ಎರಡು ಬಾಗಿಲು, ಅಜ್ಜಿಗೆ ಗೊತ್ತಾಗದಂತೆ ಅಟ್ಟದ ಏಣಿಯನ್ನೂ ಕೊಟ್ಟಿದ್ದೇನೆ. ಐವತ್ತೊಂಬತ್ತರಲ್ಲಿ ಇಪ್ಪತ್ತಮೂರು ಸಿದ್ಧವಾಗಿವೆ, ಉಳಿದವು ಭಾನುವಾರದೊಳಗೆ ಮುಗಿಯುತ್ತವೆ. ಕಪ್ಪು ಬಣ್ಣ ನಾವೇ ಹಚ್ಚಿ ತರಬೇಕೋ, ಕಚೇರಿಯಲ್ಲಿ ಅದಕ್ಕೆ ವ್ಯವಸ್ಥೆ ಇದೆಯೋ, ದಯವಿಟ್ಟು ತಿಳಿಸಿ.