ಅಂಟಿನ ಕಾಲಂ, ಉಪ್ಪಿನ ಕಾಲಂ

ಸೋಮವಾರ, ಬೆಳಿಗ್ಗೆ

ಮತ್ತೆ ಬಫರ್ ದ್ರಾವಣ ಸೋಸಿದೆ, ಅದರ ಗಾಳಿ ತೆಗೆದೆ. ಪಂಪು ಗೊರಗೊರ ಅನ್ನುತ್ತಿದೆ — ನಮ್ಮ ಯಜಮಾನರ ಭಾನುವಾರದ ಮಧ್ಯಾಹ್ನದ ಹಾಗೆ.

ನಮ್ಮ ಲ್ಯಾಬಿನ ಮೇಡಂ ಪಂದ್ಯ ಕಟ್ಟಿದ್ದಾರೆ. ಒಂದೇ ಕಿಣ್ವ, ಶುದ್ಧಿ ಮಾಡಲು ಎರಡು ದಾರಿ. ನನ್ನದು ನಿಕಲ್ ಕಾಲಂ, ಅಂದರೆ ನಿಕಲ್ ಹಿಡಿದ ನೀಲಿ ಮಣಿಗಳ ಕೊಳವೆ: ಪ್ರೋಟೀನಿಗೆ ನಾವೇ ಕಟ್ಟಿದ ಪುಟ್ಟ ಬಾಲ ನಿಕಲ್‌ಗೆ ಅಂಟಿಕೊಳ್ಳುತ್ತೆ, ಮಿಕ್ಕ ಕಸ ಹರಿದುಹೋಗುತ್ತೆ. ಪಕ್ಕದ ಬೆಂಚಿನ ಹಿರಿಯರದು ಹಳೇ ಪದ್ಧತಿ: ವಿದ್ಯುತ್ ಚಾರ್ಜ್ ನೋಡಿ ಎಲ್ಲವನ್ನೂ ಹಿಡಿ, ಉಪ್ಪು ಏರಿಸುತ್ತ ಒಂದೊಂದನ್ನೇ ಬಿಡು. ಹಾಗಾಗಿ ಅವರು ಉಪ್ಪಣ್ಣ, ನಾನು ಅಂಟಮ್ಮ.

ಶುಕ್ರವಾರ ಮೀಟಿಂಗ್. ಶುದ್ಧವಾದ, ಜೀವ ಇರುವ ಕಿಣ್ವ ತೋರಿಸದಿದ್ದರೆ ಪ್ರಾಜೆಕ್ಟ್ ಬಂದ್. ಜೊತೆಗೆ ನನ್ನ ಕೆಲಸವೂ. ಕಿಣ್ವ ತುಂಬಿದ ಕೋಶ ಫ್ರೀಜರ್‌ನಲ್ಲಿ ಇನ್ನು ಉಳಿದಿರೋದು ಸ್ವಲ್ಪವೇ. ಇಬ್ಬರಿಗೂ ಅರ್ಧರ್ಧ, ಅಷ್ಟೇ.

ಮಂಗಳವಾರ

ಉಪ್ಪಣ್ಣ ತಮ್ಮ ಪಾಲನ್ನು ಉಪ್ಪಿನ ಹದ ಹುಡುಕುವುದರಲ್ಲೇ ಖಾಲಿ ಮಾಡಿಕೊಂಡರು. ಕಿಣ್ವ ಬದುಕಿದೆ, ಆದರೆ ಶುದ್ಧಿ ತೋರಿಸುವ ಜೆಲ್ ತುಂಬ ಕಸ ಪ್ರೋಟೀನುಗಳ ಪಟ್ಟೆ.

"ಏನಣ್ಣ, ಜೀಬ್ರಾ ಸಾಕಿದ್ದೀರಾ?"

"ನಗು ತಾಯಿ, ನಗು. ನಾಳೆ ನಿನ್ನ ಮೆರವಣಿಗೆ ನೋಡ್ತೀನಿ."

ಹದ ಮಾತ್ರ ಸಿಕ್ಕಿದೆಯಂತೆ. ಯಾರಿಗೆ ಬೇಕು ಈಗ ಹದ!

ಬುಧವಾರ, ಸಂಜೆ

ಬರೆಯೋಕೆ ಮನಸ್ಸಿಲ್ಲ.

ನೀಲಿ ಕಾಲಂ ಬೆಳ್ಳಗಾಗಿದೆ. ಕಿಣ್ವ ಇಳಿದಾಗ ಗ್ರಾಫ್‌ನಲ್ಲಿ ಏಳಬೇಕಾದ ಗುಡ್ಡ ಏಳಲಿಲ್ಲ, ದಿಬ್ಬವೂ ಇಲ್ಲ. ಪ್ರೋಟೀನ್ ಕೊಳೆಯದಿರಲಿ ಅಂತ ಹಾಕುವ ಮಾತ್ರೆ ಎರಡು ಥರ. ನಾನು ಹಾಕಿದ್ದರಲ್ಲಿ ಈಡಿಟಿಎ ಅನ್ನೋ ಲೋಹ ಕೀಳುವ ರಾಸಾಯನಿಕ ಇತ್ತು. ಕಾಲಂನ ನಿಕಲ್ಲನ್ನೆಲ್ಲ ಅದೇ ಕಿತ್ತುಕೊಂಡು ಹೋಯಿತು. ಕಿಣ್ವಕ್ಕೆ ಅಂಟೂ ಇಲ್ಲ, ನಂಟೂ ಇಲ್ಲ — ಸೀದಾ ಹರಿದು ವೇಸ್ಟ್ ಬಾಟಲಿಗೆ. ಕಾಲಂ ಬಣ್ಣದ ಜೊತೆ ನನ್ನ ಬಣ್ಣವೂ ಬಯಲು.

ಬಾಟಲಿ ಸಿಂಕಿನ ಪಕ್ಕ ಇಟ್ಟು ಊಟಕ್ಕೆ ಹೋಗಿದ್ದೆ. ಮಾತ್ರೆಯ ತಪ್ಪು ಹೊಳೆದು ಓಡಿ ಬಂದರೆ ಬಾಟಲಿಯೇ ಇಲ್ಲ. ಯಾರೋ ಚೆಲ್ಲಿ ತೊಳೆದಿರಬೇಕು. ಫೋನ್ ಆಫ್ ಮಾಡಿ ಮನೆಗೆ ಬಂದೆ.

ಅತ್ತೆ ಮುಖ ನೋಡಿದರು. ತಟ್ಟೆಗೆ ಬಡಿಸಿದರು, ಮುಗಿಯುವ ತನಕ ಎದುರೇ ಕೂತರು. ಯಜಮಾನರು ಮಾತ್ರ, "ನಿನಗೇ ಆ ಮಾತ್ರೆ ಕೊಡ್ಲಾ? ಕರಗ್ತಾ ಇದ್ದೀಯ." ಅಳುತ್ತಿದ್ದವಳಿಗೆ ನಗು. ಎಂಥಾ ಮನುಷ್ಯ!

ಗುರುವಾರ

ಕೋಲ್ಡ್ ರೂಮಿನಲ್ಲಿ, ಕೆಳಗಿನ ಶೆಲ್ಫ್‌ನಲ್ಲಿ — ನನ್ನ ಬಾಟಲಿ! ಮೇಲೆ ಟೇಪು: "ಅಂಟಮ್ಮನ ಆಸ್ತಿ. ಚೆಲ್ಲಿದವರ ಕೈ ಮುರೀತೀನಿ."

"ಜೆಲ್ ನೋಡೋ ತನಕ ಏನನ್ನೂ ಚೆಲ್ಲಬಾರದು ಅಂತ ನಿನಗೆ ಎಷ್ಟು ಸಲ ಹೇಳಿದೀನಿ?" ಉಪ್ಪಣ್ಣ ರೇಗಿದರು. "ನಿನ್ನೆ ಹೇಳೋಣ ಅಂದ್ರೆ ಮಹಾರಾಣಿ ಫೋನ್ ಆಫ್!"

"ಅಣ್ಣ, ನೀವು ನನ್ನ ಎದುರಾಳಿ ಅಲ್ವಾ?"

"ಪಂದ್ಯಕ್ಕೆ. ಪ್ರೋಟೀನಿಗಲ್ಲ. ಬಾ, ಕೂತ್ಕೋ."

ಬಾಟಲಿಯಲ್ಲಿದ್ದದ್ದನ್ನು ಮೊದಲು ಅವರ ಉಪ್ಪಿನ ಕಾಲಂಗೆ ಹಾಕಿದೆವು. ಈಡಿಟಿಎ ತೊಳೆದುಹೋಯಿತು. ಮಂಗಳವಾರದ ಆ ಹದದಲ್ಲೇ ಕಿಣ್ವ ಇಳಿಯಿತು. ಆಮೇಲೆ ನನ್ನ ಕಾಲಂಗೆ ಹೊಸ ನಿಕಲ್ ತುಂಬಿದೆ. ಮತ್ತೆ ನೀಲಿ. ಕಿಣ್ವ ಅಂಟಿತು. ಗುಡ್ಡ ಎದ್ದಿತು. ಇಬ್ಬರೂ ಸ್ಕ್ರೀನ್ ನೋಡಿದೆವು — ಕೂಸಿನ ತೊಟ್ಟಿಲು ಬಗ್ಗಿ ನೋಡುವವರ ಹಾಗೆ.

ಶುಕ್ರವಾರ, ಮೀಟಿಂಗ್ ಹಾಲ್‌ನಲ್ಲಿ

ಜೆಲ್‌ನಲ್ಲಿ ಒಂದೇ ಪಟ್ಟೆ. ಜೀಬ್ರಾ ಹೋಗಿ ಕತ್ತೆ ಆಯಿತು ಅಂತ ಉಪ್ಪಣ್ಣ. ಬೆಳಿಗ್ಗೆ ಪರೀಕ್ಷೆಯ ಟ್ಯೂಬು ಹಳದಿಗೆ ತಿರುಗಿತು. ಕಿಣ್ವ ಬದುಕಿದೆ! ನಾನೂ.

ಮೊದಲ ಸ್ಲೈಡಿನಲ್ಲಿ ಅವರ ಹೆಸರು ಮೇಲೆ ಹಾಕಿದೆ. ನೋಡಿ ಮುಖ ಕಿವುಚಿದರು. "ಇದೇನಮ್ಮ, ನನಗೆ ಬೆಣ್ಣೆ ಹಚ್ತಿದೀಯಾ?"

"ಉಪ್ಪಿನ ಋಣ ಅಣ್ಣ."

ಈಗ ಮುಂದಿನ ಸಾಲಿನಲ್ಲಿ ಕೂತು, ಏನೂ ಮಾಡೇ ಇಲ್ಲ ಅನ್ನೋ ಹಾಗೆ ಕನ್ನಡಕ ಒರೆಸುತ್ತಿದ್ದಾರೆ. ಮೇಡಂ ಕೇಳುತ್ತಿದ್ದಾರೆ, "ಸರಿ, ಯಾರ ವಿಧಾನ ಗೆದ್ದಿತು?" ನನ್ನ ಕಡೆಗೇ ನೋಡುತ್ತಿದ್ದಾರೆ. ಏಳಬೇಕು. ಸ್ಲೈಡ್ ಆಮೇಲೆ. ಮೊದಲು ಆ ಬಾಟಲಿ ಎತ್ತಿ ತೋರಿಸ್ತೀನಿ, ಟೇಪಿನ ಸಮೇತ, ಮತ್ತೆ ಎಲ್ಲರೆದುರೂ ಹೇಳ್ತೀನಿ, ಇದನ್ನು ಚೆಲ್ಲದೆ ಎತ್ತಿಟ್ಟ ಕೈಯೇ ಗೆದ್ದಿದ್ದು ಅಂತ.