ನಮ್ಮಿಬ್ಬರಲ್ಲಿ ಪರದೇಶಿ ಯಾರು?

ಮಾನ್ಯ ನೋಂದಣಾಧಿಕಾರಿಗಳೇ,

ಇದಿಲ್ ಎಂಬ ನಾನು ಮತ್ತು ನನ್ನ ತಂಗಿ ಉಬಾ ಇದೇ ಗಾರಿಸ್ಸಾ ಊರಿನ ಒಂದೇ ಗುಡಿಸಲಲ್ಲಿ, ಒಂದೇ ಬೆಳಗ್ಗೆ ಹುಟ್ಟಿದ ಅವಳಿಗಳು. ತಮ್ಮ ಕಚೇರಿಯ ಪ್ರಕಾರ ನಾನು ಕೀನ್ಯಾದ ಪ್ರಜೆ, ಅವಳು ಸೊಮಾಲಿಯಾದಿಂದ ಬಂದ ನಿರಾಶ್ರಿತೆ. ನಮ್ಮ ತಾಯಿ ಒಬ್ಬಳನ್ನು ಇಲ್ಲಿ ಹೆತ್ತು, ಎದ್ದು ಗಡಿ ದಾಟಿ, ಇನ್ನೊಬ್ಬಳನ್ನು ಅಲ್ಲಿ ಹೆತ್ತು ಬಂದಳೆಂದು ತಾವು ನಂಬಿದ್ದೀರಾ? ಸೂಲಗಿತ್ತಿ ಕೇಳಿದರೆ ನಕ್ಕಾಳು.

ನಡೆದದ್ದು ಇಷ್ಟು. ನಾವು ಚಿಕ್ಕವರಿದ್ದಾಗ ಮಳೆ ಕೈಕೊಟ್ಟಿತು, ಒಂಟೆಗಳು ಸತ್ತವು. ಸರ್ಕಾರದಿಂದ ನಮ್ಮ ಓಣಿಗೆ ಹಿಡಿ ಜೋಳವೂ ಬರಲಿಲ್ಲ. ನಿರಾಶ್ರಿತರ ಶಿಬಿರದಲ್ಲಿ ಮಾತ್ರ ಜೋಳ, ಎಣ್ಣೆ ಕೊಡುತ್ತಿದ್ದರು. ಊರಿನ ಎಷ್ಟೋ ಮಂದಿಯಂತೆ ಅಮ್ಮನೂ ಅಲ್ಲಿಗೆ ಹೋಗಿ ‘ನಾವು ಗಡಿಯಾಚೆಯವರು’ ಎಂದಳು. ನನಗೆ ದಡಾರ ಎದ್ದಿತ್ತು, ಅಜ್ಜಿಯ ಹತ್ತಿರ ಬಿಟ್ಟಿದ್ದಳು. ಉಬಾಳ ಬೆರಳೊತ್ತಿಸಿಕೊಂಡು, ನಿರಾಶ್ರಿತರ ಪಟ್ಟಿಗೆ ಸೇರಿಸಿ ಪಡಿತರ ಕೊಟ್ಟರು. ಆ ಬೆರಳಚ್ಚು ಇಂದಿಗೂ ತಮ್ಮ ಯಂತ್ರದೊಳಗಿದೆ. ಆ ಜೋಳವನ್ನು ನಾನೂ ತಿಂದೆ ಸ್ವಾಮಿ! ಮತ್ತೆ ನನ್ನ ಮೇಲೆ ಮಾತ್ರ ಏಕೆ ಇಷ್ಟು ಕೃಪೆ?

ಈಗ ಉಬಾಳಿಗೆ ನೈರೋಬಿಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಗುರುತಿನ ಚೀಟಿಯಿಲ್ಲದೆ, ಆ ದಾರಿಯಲ್ಲಿರುವ ತಾನಾ ನದಿಯ ಸೇತುವೆ ದಾಟಲು ಪೊಲೀಸರು ಬಿಡರು. ಈ ತಿಂಗಳೊಳಗೆ ಸೇರದಿದ್ದರೆ ಸೀಟು ಬೇರೆಯವರ ಪಾಲು. ತಮ್ಮ ಕಿಟಕಿಯಲ್ಲಿ ಕೂತ ಗುಮಾಸ್ತರು ಏನೆಂದರು ಗೊತ್ತೇ?

“ಯಂತ್ರ ಸುಳ್ಳು ಹೇಳಲ್ಲ ಕಣಮ್ಮ. ನಿನ್ನ ತಂಗಿ ಅವಳ ದೇಶಕ್ಕೆ ಹೋಗಿ, ಅಲ್ಲಿಂದ ಅರ್ಜಿ ಹಾಕ್ಲಿ.”

“ಯಾವ ದೇಶ ಅಣ್ಣಾ? ಅವಳು ಗಡಿನೇ ನೋಡಿಲ್ಲ.”

“ಹಾಗಾದ್ರೆ ಈಗ ನೋಡ್ಕೊಂಡು ಬರ್ಲಿ ಬಿಡು!”

ಸಾಲಿನಲ್ಲಿ ಹಿಂದೆ ನಿಂತವರೂ ನಕ್ಕರು. ನಗದಿದ್ದರೆ ಅವರ ಅರ್ಜಿಯ ಗತಿಯೇನು?

ಮನೆಗೆ ಬಂದಾಗ ಅಮ್ಮ ನನ್ನ ಚೀಟಿಯನ್ನು ಉಬಾಳ ಮಡಿಲಿಗೆ ಹಾಕಿದಳು. “ತಗೊಂಡು ಹೋಗೇ. ಹೆತ್ತೋಳು ನಾನೇ ಎಷ್ಟೋ ಸಲ ನಿಮ್ಮನ್ನ ಅದಲುಬದಲು ಕರ್ದಿದೀನಿ, ಆ ಪೊಲೀಸಪ್ಪಂಗೆ ಏನು ಗೊತ್ತಾಗ್ತದೆ?”

ಉಬಾ ಅದನ್ನು ಮುಟ್ಟಲಿಲ್ಲ. “ಇದಿಲ್ ಹೆಸರಲ್ಲಿ ಓದಿ, ಇದಿಲ್ ಹೆಸರಲ್ಲಿ ಸಂಬಳ ತಗೊಂಡು, ಇದಿಲ್ ಹೆಸರಲ್ಲೇ ಮದುವೆನೂ ಆಗ್ಲಾ? ಆಮೇಲೆ ಉಬಾ ಎಲ್ಲಿ ಹೋದ್ಲು ಅಂತ ಕೇಳೋಕೆ ಒಬ್ರಾದ್ರೂ ಇರ್ತಾರಾ ಅಮ್ಮಾ?”

ಅಮ್ಮ ಅತ್ತಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಪ್ರಜೆ, ನಿರಾಶ್ರಿತ, ಅಕ್ರಮ ವಲಸಿಗ, ಪರದೇಶಿ ಎಂದು ಖಾನೆ ಎಳೆದು ಕೂತಿರುವ ತಮಗೆ, ಹಸಿದವರು ಎಂಬ ಖಾನೆ ಮಾತ್ರ ಹೊಳೆಯಲೇ ಇಲ್ಲ. ಹೊಟ್ಟೆಗಿಲ್ಲದೆ ಅಮ್ಮ ಹೇಳಿದ ಒಂದು ಸುಳ್ಳು ತಮಗೆ ಶಿಲಾಶಾಸನವಾಯಿತು. ಅಂದಿನಿಂದ ಅವಳು ಹೇಳುತ್ತಾ ಬಂದ ನಿಜಕ್ಕೆ ಮಾತ್ರ ಸಾಕ್ಷಿ ಬೇಕು. ಬಡವರು ಸುಳ್ಳು ಹೇಳಿದಾಗಷ್ಟೇ ತಾವು ನಂಬುವುದೇ?

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರ ನಾವಿಬ್ಬರೂ ಒಂದೇ ಬಣ್ಣದ ಬಟ್ಟೆ ತೊಟ್ಟು ತಮ್ಮೆದುರು ನಿಲ್ಲುತ್ತೇವೆ. ಯಂತ್ರ ಮುಟ್ಟದೆ, ಬರಿಗಣ್ಣಿನಲ್ಲಿ ನೋಡಿ ಪರದೇಶಿ ಯಾರೆಂದು ಹೇಳಿ. ಆಗದಿದ್ದರೆ ಉಬಾಳಿಗೆ ಚೀಟಿ ಕೊಟ್ಟು ಕಳಿಸಿ. ಇಲ್ಲ, ದೇಶದಿಂದ ಹೊರಗೆ ಹಾಕಿಯೇ ಸಿದ್ಧ ಎಂದು ಅವಳ ಹೆಸರು ಕೂಗಿಸಿದಿರೋ, ‘ಉಬಾ ನಾನೇ’ ಎಂದು ಇಬ್ಬರೂ ಮುಂದೆ ಬರುತ್ತೇವೆ.

ಇಂತಿ,
ತಮ್ಮ ದಯೆಯಿಂದ ಸದ್ಯಕ್ಕೆ ಪ್ರಜೆಯಾಗಿರುವ
ಇದಿಲ್ ವರ್ಸಾಮೆ