ಉಪ್ಪಿನ ಹಿಮ ತುಳಿದ ದಿನ

ಮಲಾಡ್, ಮುಂಬಯಿ
ಮಂಗಳವಾರ, ೧೮ ಮೇ ೧೯೫೪

ಅವ್ವಾ, ನಿನ್ನ ಪಾದಗಳಿಗೆ ಗಂಗೂನ ನಮಸ್ಕಾರ.

ಉಭಯ ಕುಶಲ ಎಂದು ಬರೆಯಲು ಮನಸ್ಸಿಲ್ಲ. ಮೈ ಚೆನ್ನಾಗಿದೆ, ಸಿಟ್ಟು ನೆತ್ತಿಗೇರಿದೆ. ನಿನ್ನ ಹೆಸರಿನಲ್ಲಿ ಅಣ್ಣ ಈರಣ್ಣ ಬರೆದ ಕಾರ್ಡು ಬಂತು. ಅದರಲ್ಲಿ, "ನೀನೇ ಒಪ್ಪಿ ಬರೆದಿದ್ದೀಯಲ್ಲ, ಗಂಡನ ಮನೆಗೆ ಹೋಗಲು ತಯಾರಾಗಿರು, ಜೂನ್ ಮೊದಲ ವಾರ ಅಣ್ಣ ಕರೆಯಲು ಬರುತ್ತಾನೆ" ಎಂದಿದೆ. ನಾನು ಯಾವಾಗ ಒಪ್ಪಿದೆ? ಹೋಗುವುದಿಲ್ಲ ಎಂದು ಮೂರು ಪತ್ರ ಬರೆದೆ, ಮೂರರಲ್ಲೂ ಅದೇ ಮಾತು. ನಿನಗೆ ಓದು ಬಾರದು. ನನ್ನ ಪತ್ರ ಓದಿ ಹೇಳುವವನೂ ಈರಣ್ಣ, ನಿನ್ನ ಉತ್ತರ ಬರೆಯುವವನೂ ಈರಣ್ಣ.

ಇರಲಿ, ಇವತ್ತಿನ ಸುದ್ದಿ ಕೇಳು. ನಾನು ಬಟ್ಟೆ ಹೊಲಿಯುವ ಸ್ಟುಡಿಯೋದಲ್ಲಿ ಹಿಮ ಬಿದ್ದಿತ್ತು. ನಗಬೇಡ. ಸಿನಿಮಾದ ಕತೆ ಯಾವುದೋ ಚಳಿಯೂರಿನಲ್ಲಿ ನಡೆಯುತ್ತದಂತೆ. ಹಲಗೆಯ ಮನೆಗಳನ್ನು ನಿಲ್ಲಿಸಿ, ಛಾವಣಿಗೆ ಅರಳೆ ಅಂಟಿಸಿ, ಬೀದಿ ತುಂಬ ಮೂಟೆಗಟ್ಟಲೆ ಉಪ್ಪು ಸುರಿದಿದ್ದರು. ಆ ಬೀದಿಯಲ್ಲಿ ಓಡಾಡುವ ವೇಷಕ್ಕೆ ಬರಬೇಕಾದ ಹೆಂಗಸರಲ್ಲಿ ಇಬ್ಬರು ಬರಲಿಲ್ಲವೆಂದು ಹೊಲಿಗೆ ಕೋಣೆಯಿಂದ ನನ್ನನ್ನೂ ವಾರಿಜಾಳನ್ನೂ ಎಳೆದುಕೊಂಡು ಹೋದರು. ವಾರಿಜಾ ನನ್ನ ಖೋಲಿಯಲ್ಲೇ ಇರುವವಳು, ಉಡುಪಿ ಕಡೆಯವಳು. ಈ ಮೇ ತಿಂಗಳ ಧಗೆಯಲ್ಲಿ ಮೈಗೆ ಉಣ್ಣೆಯ ಕೋಟು! ಕಾಲಿಗೆ ಮಾತ್ರ ಏನೂ ಇಲ್ಲ, ಬಡವಿಯ ವೇಷವಂತೆ. ಕೊಡ ಹಿಡಿದು ಬೀದಿ ದಾಟಬೇಕು, ಅಷ್ಟೇ ಕೆಲಸ.

ನಾನು ಕಾಲೆತ್ತಲಿಲ್ಲ. ಉಪ್ಪನ್ನು ತುಳಿಯುವುದುಂಟೇ? ಚಿಕ್ಕವಳಿದ್ದಾಗ ಗಡಿಗೆ ಜಾರಿ ಹಿಡಿ ಉಪ್ಪು ಚೆಲ್ಲಿದ್ದಕ್ಕೆ ಒಂದೊಂದೇ ಹರಳು ಆರಿಸಲು ಹಚ್ಚಿದ್ದೆಯಲ್ಲ, "ಉಪ್ಪಂದ್ರ ಲಕ್ಷ್ಮಿ, ಕಾಲು ತಾಗಿದ್ರ ಮನಿ ಹಾಳಾಕ್ಕೈತಿ" ಎಂದು. ಅಲ್ಲಿ ಎಲ್ಲರೂ ಹಿಂದಿಯಲ್ಲಿ ಕಿರುಚುತ್ತಿದ್ದರು. ವಾರಿಜಾ ಮೆಲ್ಲಗೆ, "ಎಂತ ಮಾರಾಯ್ತಿ, ಹಾಳಾಗ್ಲಿಕ್ಕೆ ನಿಂಗೆ ಮನೆ ಉಂಟಾ?" ಎಂದಳು. ಎದೆಗೆ ಚುಚ್ಚಿತು. ಆಮೇಲೆ ನಗು ಬಂತು, ತಡೆಯಲಾಗದಷ್ಟು.

ತುಳಿದೆ ಅವ್ವಾ. ಆರು ಸಲ ತುಳಿಸಿದರು. ಹಿಮ್ಮಡಿಯ ಬಿರುಕಿಗೆ ಉಪ್ಪು ಹೊಕ್ಕು ಉರಿಯಿತು. ಬೇರೇನೂ ಆಗಲಿಲ್ಲ.

ಆಮೇಲೆ ಸಂಜೆಯವರೆಗೂ ಒಂದು ಹುಸಿಮನೆಯ ಕಿಟಕಿಯಲ್ಲಿ ಕೂರಿಸಿದರು. ಸದ್ದು ಮಾಡುವಂತಿಲ್ಲ, ಕೆಮ್ಮಿದರೂ ಬೈಗುಳ. ಲೋಕಲ್ ಗಾಡಿಯ ಸಪ್ಪಳ ಬಂದರೆ ಕೆಲಸವೇ ನಿಲ್ಲುತ್ತಿತ್ತು. ಈ ಊರಿಗೆ ಬಂದ ನಾಲ್ಕು ವರ್ಷದಲ್ಲಿ ಅಷ್ಟು ಹೊತ್ತು ಸುಮ್ಮನೆ ಕುಳಿತದ್ದು ಇವತ್ತೇ. ಬೆಳ್ಳನೆಯ ಬೀದಿ ನೋಡುತ್ತ ನೋಡುತ್ತ ಬೇಡದ್ದೆಲ್ಲ ನೆನಪಾಯಿತು. ಗಂಡ ಇನ್ನೊಬ್ಬಳನ್ನು ತಂದು ಹೊಸ್ತಿಲಲ್ಲಿ ನಿಲ್ಲಿಸಿದ ದಿನ ಅತ್ತೆ, "ನಮ್ಮನಿ ಉಪ್ಪು ಉಂಡಾಕಿ ನೀ, ಆರತಿ ಎತ್ತು" ಎಂದಳು. ಎತ್ತಿದೆ! ತಟ್ಟೆ ಒಂದಿಷ್ಟೂ ಅಲುಗಲಿಲ್ಲ ಎಂದು ನೆರೆಯವರು ಹೊಗಳಿದರು ಬೇರೆ. ಆ ಗಂಗೂನ ಕಪಾಳಕ್ಕೆ ಬಿಗಿಯಬೇಕು ಎನಿಸಿತು. ಆಮೇಲೆ ಪಾಪ ಎನಿಸಿತು. ಒಲ್ಲೆ ಅನ್ನುವುದನ್ನು ಅವಳಿಗೆ ಯಾರು ಕಲಿಸಿದ್ದರು?

ಈಗ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಆ ಹೊಸಬಳು ಬಸುರಿ. ಎತ್ತಿ ಕೂಡಿಸಿ ಉಣಿಸಲು ಒಬ್ಬಳು ಬೇಕು, ಅದಕ್ಕೇ ನಾನು ನೆನಪಾದೆ. ಈರಣ್ಣ ಆ ಮನೆಯವರ ಅಂಗಡಿಯಲ್ಲೇ ಗುಮಾಸ್ತ. ಅವನಿಗೆ ಮಾಲೀಕರ ಅಂಜಿಕೆ, ನನಗೂ ತಿಳಿಯುತ್ತದೆ. ಆದರೆ ಅವನ ನೌಕರಿ ಉಳಿಸಲು ನಾನು ಆ ಮನೆಯ ಆಳಾಗಲಾರೆ. ಅವನು ಬಂದರೆ ರೊಟ್ಟಿ ಬಡಿದು ಹಾಕುತ್ತೇನೆ, ದಾದರಿನವರೆಗೆ ಹೋಗಿ ಗಾಡಿ ಹತ್ತಿಸಿ ಬರುತ್ತೇನೆ. ಹತ್ತುವವನು ಅವನೊಬ್ಬನೇ.

ಮಗಳು ಕೆಟ್ಟಳಂತೆ ಎಂದು ಓಣಿಯವರು ಕೇಳಿದರೆ ಹೌದು ಎನ್ನು. ಹಿಂದಿ ಮಾತಾಡುತ್ತಾಳೆ, ಟೇಲರ್ ಮಾಸ್ತರನ ಜೊತೆ ಜಗಳ ಕಾಯುತ್ತಾಳೆ, ರವಿವಾರ ಮಧ್ಯಾಹ್ನ ಕಾಲು ಚಾಚಿ ಮಲಗುತ್ತಾಳೆ. ನಿನಗೊಬ್ಬಳಿಗೆ ಹೇಳುತ್ತೇನೆ, ಒಮ್ಮೊಮ್ಮೆ ನಿನ್ನನ್ನು ನೆನೆದು ಅಳುತ್ತಾಳೆ ಕೂಡ. ಆದರೂ ಬರುವುದಿಲ್ಲ. ನನಗೆ ಒಂದೇ ಒಂದು ಉತ್ತರ ಬೇಕು. ಗಂಡನ ಮನೆಯವರಿಗೆ ಹೂಂ ಅಂದವಳು ನೀನೋ, ನಿನ್ನ ಹೆಸರಿನಲ್ಲಿ ಬೇರೆಯವರೋ?

ನಿನ್ನ ಹೊಟ್ಟೆಯಲ್ಲೇ ಹುಟ್ಟಿದ ಹಟಮಾರಿ,
ಗಂಗೂಬಾಯಿ

ತಾ.ಕ.: ಈರಣ್ಣಾ, ಇದು ನಿನಗೆ. ಇದೇ ಪತ್ರದ ಇನ್ನೊಂದು ಪ್ರತಿಯನ್ನು ಹೆಣ್ಣುಮಕ್ಕಳ ಸಾಲೆಯ ಕಾಶವ್ವ ಅಕ್ಕೋರಿಗೆ ಕಳಿಸಿ, ಮೂರು ದಿನ ಬಿಟ್ಟು ಇದನ್ನು ಟಪಾಲಿಗೆ ಹಾಕುತ್ತಿದ್ದೇನೆ. ನೀನು ಇದನ್ನು ಒಡೆಯುವ ಹೊತ್ತಿಗೆ ಅವರು ಅವ್ವನಿಗೆ ಒಂದಕ್ಷರ ಬಿಡದೆ ಓದಿ ಹೇಳಿರುತ್ತಾರೆ. ಈಗ ನೀನು ಓದು. ಅವ್ವ ನಿನ್ನ ಮುಖ ನೋಡುತ್ತ ಕುಳಿತಿದ್ದಾಳೆ.